ಜೀವನಚರಿತ್ರೆಯ ಸಂಗೀತ ನಾಟಕ: ಸೋಲು ಗೆಲುವುಗಳ ಮುನ್ನಂದಾಜು

ಬದುಕಿ ಬಾಳಿದ ವ್ಯಕ್ತಿಯೊಬ್ಬರ ಕಥೆಯನ್ನು ಮಾತು, ಪದ್ಯ, ಹಾಡುಗಳ ಮೂಲಕ ರಂಗಕ್ಕೆ ತರುವ ನಾಟಕ ಪ್ರಕಾರ. ಅರಸರು, ಸಂತರು, ಶರಣರು, ಕವಿಗಳು, ಈಚಿನ ದಿನಗಳಲ್ಲಿ ಗಾಯಕರು ಮತ್ತು ರಾಜಕಾರಣಿಗಳು ಇದರ ನಾಯಕರಾಗಿದ್ದಾರೆ. ಕನ್ನಡದಲ್ಲಿ ಇದನ್ನು ಬೆಳೆಸಿದವು ಇಪ್ಪತ್ತನೆಯ ಶತಮಾನದ ವೃತ್ತಿ ನಾಟಕ ಕಂಪನಿಗಳು. ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರಗಳಲ್ಲಿ ಇದೇ ಪ್ರಕಾರ ಕೋಟಿಗಟ್ಟಲೆ ಡಾಲರ್ ಬಂಡವಾಳ ಬೇಡುವ ಉದ್ಯಮವಾಗಿದೆ. ಹೊಸ ನಾಟಕ ಓಡುತ್ತದೆಯೋ ಬೀಳುತ್ತದೆಯೋ ಎಂದು ಪರದೆ ಏಳುವ ಮುಂಚೆಯೇ ಹೇಳುವ ಪ್ರಯತ್ನ ಎರಡೂ ಕಡೆ ನಡೆದಿದೆ. ಕಂಪನಿ ಮಾಲೀಕರು ಅನುಭವದ ಬಲದಿಂದ ಹೇಳುತ್ತಿದ್ದರು. ಬ್ರಾಡ್‌ವೇ ವಿಷಯದಲ್ಲಿ ವಿಶ್ವವಿದ್ಯಾಲಯದ ವಿದ್ವಾಂಸರು ಅಂಕಿ ಅಂಶ ಇಟ್ಟುಕೊಂಡು ಲೆಕ್ಕ ಹಾಕಿದ್ದಾರೆ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ಮೂರನೆಯದೊಂದು ಅಳತೆಗೋಲು ಇದೆ. ಇಲ್ಲಿನ ಹಳ್ಳಿ ನಾಟಕಗಳಲ್ಲಿ ನೋಡುವವರು ದುಡ್ಡು ಕೊಡುವುದಿಲ್ಲ, ಪಾತ್ರ ಮಾಡುವವರು ಕೊಡುತ್ತಾರೆ. ಹಾಗಾಗಿ ಒಂದು ಬಾಳಿನ ಕಥೆ ನಾಟಕವಾಗಿ ನಿಲ್ಲುತ್ತದೆಯೇ ಎಂದು ತಿಳಿಯಲು ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಈ ಪಾತ್ರವನ್ನು ಕೈಯಿಂದ ಹಣ ಹಾಕಿ ಮಾಡಲು ಊರಿನಲ್ಲಿ ಯಾರಾದರೂ ಮುಂದೆ ಬರುತ್ತಾರೆಯೇ? ಈ ಪ್ರಕಾರದ ಸೋಲು ಗೆಲುವುಗಳನ್ನು ವಿವರಿಸುವುದರಲ್ಲಿ ಈ ಪ್ರಶ್ನೆ ಬ್ರಾಡ್‌ವೇ ಲೆಕ್ಕಗಳಿಗಿಂತ ಹಿಂದೆ ಬಿದ್ದಿಲ್ಲ.

ಹಳ್ಳಿ ನಾಟಕದ ಹಣಕಾಸು

ಈ ಭಾಗದ ಹಳೆಯ ರಂಗಪ್ರಕಾರ ಮೂಡಲಪಾಯ ಬಯಲಾಟ. ಕೋಲಾರದ ಕಡೆ ಸರಿದಂತೆ ಅದರ ನಂಟಿನ ಕೇಳಿಕೆ. ಕಂಪನಿ ನಾಟಕಗಳ ಪ್ರಭಾವದಿಂದ ಅವುಗಳ ಪಕ್ಕದಲ್ಲೇ ಹಾರ್ಮೋನಿಯಂ, ತಬಲ, ಬಣ್ಣದ ಪರದೆಗಳ ಪೌರಾಣಿಕ ನಾಟಕ ಬೇರೂರಿತು. ಸುಗ್ಗಿ ಮುಗಿದ ಮೇಲೆ, ಸಂಕ್ರಾಂತಿಯಿಂದ ಬೇಸಿಗೆಯವರೆಗೆ, ಊರ ಜಾತ್ರೆ ಮತ್ತು ದೇವರ ಉತ್ಸವಗಳ ಸುತ್ತ ಇದರ ಕಾಲ. ರಾತ್ರಿ ಒಂಬತ್ತು ಹತ್ತಕ್ಕೆ ಆರಂಭವಾದದ್ದು ಬೆಳಗಿನ ಜಾವಕ್ಕೆ ಮುಗಿಯುತ್ತದೆ. ‘ಕುರುಕ್ಷೇತ್ರ’, ‘ದಾನಶೂರ ಕರ್ಣ’, ‘ಸಂಪೂರ್ಣ ರಾಮಾಯಣ’, ‘ದಕ್ಷಯಜ್ಞ’, ‘ಶನಿಪ್ರಭಾವ’ ಮೊದಲಾದ ಕೆಲವೇ ನಾಟಕಗಳು ವರ್ಷವರ್ಷವೂ ಮರಳಿ ಬರುತ್ತವೆ.

ನಾಟಕ ಮಾಡಬೇಕೆಂದು ಊರಿನವರು ತೀರ್ಮಾನಿಸಿದರೆ ಮೊದಲು ಡ್ರಾಮಾ ಮೇಷ್ಟ್ರನ್ನು ಗೊತ್ತುಮಾಡುತ್ತಾರೆ. ಹಾರ್ಮೋನಿಯಂ ನುಡಿಸುತ್ತ ಪದ್ಯ ಹೇಳಿಕೊಟ್ಟು, ಮಾತು ತಿದ್ದಿ, ತಿಂಗಳುಗಟ್ಟಲೆ ತಾಲೀಮು ನಡೆಸುವವರು ಅವರೇ. ಮೇಷ್ಟ್ರ ಸಂಭಾವನೆ, ಸೀನರಿ, ಉಡುಪು, ಮೇಕಪ್ಪು, ಮೈಕು, ದೀಪ, ಊಟ, ಸ್ತ್ರೀ ಪಾತ್ರಕ್ಕೆ ಹೊರಗಿನಿಂದ ಕರೆಸುವ ನಟಿಯರ ಸಂಭಾವನೆ ಎಲ್ಲವನ್ನೂ ಕೂಡಿ ಪಾತ್ರಧಾರಿಗಳ ನಡುವೆ ಹಂಚಲಾಗುತ್ತದೆ. ಹಂಚಿಕೆ ಸಮಪಾಲಲ್ಲ. ಕೃಷ್ಣ, ದುರ್ಯೋಧನ, ಕರ್ಣ, ಭೀಮನ ಪಾತ್ರಗಳಿಗೆ ಹೆಚ್ಚು, ಸಾತ್ಯಕಿ, ವಿದುರರಿಗೆ ಕಡಿಮೆ. ಪದ್ಯ ಎಷ್ಟಿವೆ, ಪ್ರವೇಶ ಎಂಥದು, ಕಿರೀಟ ಗದೆಗಳ ಮೆರುಗು ಎಷ್ಟು ಎಂಬುದರ ಮೇಲೆ ಪಾತ್ರದ ಬೆಲೆ ನಿಲ್ಲುತ್ತದೆ. ಕೃಷ್ಣನಾಗಲು ಇಬ್ಬರು ಹಟ ಹಿಡಿದರೆ ನಾಟಕವನ್ನು ಎರಡಾಗಿ ಒಡೆದು ಮೊದಲ ಕೃಷ್ಣ, ಎರಡನೇ ಕೃಷ್ಣ ಎಂದು ಕರಪತ್ರದಲ್ಲೇ ಅಚ್ಚು ಹಾಕಿಸುತ್ತಾರೆ.

ನೋಡುವವರಿಗೆ ಟಿಕೆಟ್ ಇಲ್ಲ. ನೆಂಟರಿಷ್ಟರು ಹಾರ ತರುತ್ತಾರೆ, ನಾಟಕದ ನಡುವೆಯೇ ಸನ್ಮಾನ ನಡೆಯುತ್ತದೆ, ಪದ್ಯ ಚೆನ್ನಾಗಿ ಬಂದರೆ ‘ಒನ್ಸ್ ಮೋರ್’ ಕೂಗು ಏಳುತ್ತದೆ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲೂ ಇಂಥ ತಂಡಗಳು ಬಾಡಿಗೆ ಕಟ್ಟಿ ಆಡುವುದುಂಟು. ಕಲೆಕ್ಷನ್ ಎಂಬ ಮಾತೇ ಇಲ್ಲದ ಈ ವ್ಯವಸ್ಥೆಯಲ್ಲಿ ಒಂದು ನಾಟಕ ಸೋಲುವುದೆಂದರೆ ಮುಂದಿನ ವರ್ಷ ಅದಕ್ಕೆ ಪಾತ್ರಧಾರಿಗಳು ಸಿಗದಿರುವುದು. ಇದು ಬಹಳ ನಿಷ್ಠುರವಾದ ಪರೀಕ್ಷೆ. ಪ್ರೇಕ್ಷಕನೊಬ್ಬ ಒಂದು ರಾತ್ರಿಯ ನಿದ್ದೆ ಕಳೆದುಕೊಳ್ಳುತ್ತಾನೆ. ಪಾತ್ರಧಾರಿ ತಿಂಗಳುಗಳ ಸಂಜೆ, ದುಡಿದ ದುಡ್ಡು, ಊರೆದುರಿನ ಮರ್ಯಾದೆ ಮೂರನ್ನೂ ಪಣಕ್ಕೆ ಒಡ್ಡುತ್ತಾನೆ.

ಇಲ್ಲಿಂದ ನೋಡಿದರೆ ಜೀವನಚರಿತ್ರೆಯ ನಾಟಕದ ಮುಖ್ಯ ದೌರ್ಬಲ್ಯ ಕಾಣುತ್ತದೆ. ‘ಕುರುಕ್ಷೇತ್ರ’ದಲ್ಲಿ ಹಾಡಿ ಮೆರೆಯಲು ಏಳೆಂಟು ಜನರಿಗೆ ಜಾಗವಿದೆ. ಒಬ್ಬ ಸಂತನ ಕಥೆಯಲ್ಲಿ ಹಾಡುವವನು ಆ ಸಂತ ಒಬ್ಬನೇ. ಉಳಿದವರು ಅವನನ್ನು ಕಾಡಿ ಕೊನೆಗೆ ಕಾಲಿಗೆ ಬೀಳುವವರು. ಅಂಥ ನಾಟಕದಲ್ಲಿ ಒಂದು ಪಾತ್ರಕ್ಕೆ ಬೆಲೆ ಬರುತ್ತದೆ, ಹತ್ತು ಪಾತ್ರಗಳು ಮಾರಾಟವಾಗದೆ ಉಳಿಯುತ್ತವೆ. ಕನಕದಾಸ, ಕಬೀರ, ತುಕಾರಾಮರ ಕಥೆಗಳನ್ನು ಸಿನಿಮಾದಲ್ಲಿ ಮೆಚ್ಚಿ ನೋಡಿದ ಹಳ್ಳಿಗಳು ಅವನ್ನು ತಮ್ಮ ಜಾತ್ರೆಯ ನಾಟಕವಾಗಿ ಅಷ್ಟಾಗಿ ತೆಗೆದುಕೊಳ್ಳದಿರಲು ಭಕ್ತಿಯ ಕೊರತೆ ಕಾರಣವಾಗಿರಲಾರದು. ಪಾತ್ರ ಹಂಚಿಕೆಯ ಲೆಕ್ಕ ಕಾರಣ.

ಕಂಪನಿಗಳ ಕಾಲ

1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಮುಂದೆ ಗುಬ್ಬಿ ವೀರಣ್ಣನವರ (1891–1972) ನೇತೃತ್ವದಲ್ಲಿ ಹಳೆಯ ಮೈಸೂರು ಸೀಮೆಯ ರಂಗಾಭಿರುಚಿಯನ್ನೇ ರೂಪಿಸಿತು. ಬಿ. ಪುಟ್ಟಸ್ವಾಮಯ್ಯನವರು ಬರೆದ ‘ಕುರುಕ್ಷೇತ್ರ’ವನ್ನು ಕಂಪನಿ 1934ರಲ್ಲಿ ಆನೆ, ಕುದುರೆಗಳನ್ನು ತಂದು ಆಡಿತು. ಇವತ್ತು ಹಳ್ಳಿ ಹಳ್ಳಿಯಲ್ಲೂ ಆಡುವ ಪೌರಾಣಿಕ ನಾಟಕದ ಕಲ್ಪನೆ ಆ ವೈಭವದ ನೆನಪಿನಿಂದ ಬಂದದ್ದು.

ಚಾರಿತ್ರಿಕ ವ್ಯಕ್ತಿಗಳ ಕಥೆಯೂ ಆಗಲೇ ರಂಗಕ್ಕೆ ಬಂದಿತ್ತು. ಮಹಮದ್ ಪೀರ್ ತಮ್ಮ ಚಂದ್ರಕಲಾ ನಾಟಕ ಕಂಪನಿಯಲ್ಲಿ ಷಹಜಹಾನನಾಗಿ, ಗೌತಮ ಬುದ್ಧನಾಗಿ ಹೆಸರು ಮಾಡಿದರು. ಉತ್ತರ ಕರ್ನಾಟಕದಲ್ಲಿ ಏಣಗಿ ಬಾಳಪ್ಪನವರ (1914–2017) ಕಲಾವೈಭವ ನಾಟ್ಯ ಸಂಘದ ‘ಜಗಜ್ಯೋತಿ ಬಸವೇಶ್ವರ’ ಊರೂರು ಸುತ್ತಿತು. ನಾಡು ಅವರನ್ನು ಗುರುತಿಸಿದ್ದೇ ಬಸವಣ್ಣನ ಪಾತ್ರದಿಂದ. ಈ ನಾಟಕಗಳ ಗೆಲುವಿನಲ್ಲಿ ನಟ ಮೊದಲು, ನಾಯಕ ಆಮೇಲೆ. ಒಬ್ಬ ನಟನ ಸುತ್ತ ಬೆಳೆದ ಜೀವನಕಥೆ ಅವನೊಂದಿಗೇ ದಣಿಯುತ್ತದೆ ಎಂಬುದು ಇದರ ಇನ್ನೊಂದು ಮುಖ.

ಕಂಪನಿಗಳ ಮುನ್ನಂದಾಜಿನ ವಿಧಾನ ಸರಳವಾಗಿತ್ತು, ಅಷ್ಟೇ ಜಾಣತನದ್ದೂ ಆಗಿತ್ತು. ಕಂಪನಿ ಒಂದೂರಿನಲ್ಲಿ ತಿಂಗಳುಗಟ್ಟಲೆ ಕ್ಯಾಂಪ್ ಹಾಕುತ್ತಿತ್ತು. ಕೈಯಲ್ಲಿ ಹತ್ತಾರು ನಾಟಕಗಳಿದ್ದವು. ಹೊಸದನ್ನು ಆಡಿ, ಕಲೆಕ್ಷನ್ ಇಳಿದರೆ ಮಾರನೆಯ ದಿನವೇ ‘ಸದಾರಮೆ’ಯಂಥ ಖಾತರಿ ನಾಟಕಕ್ಕೆ ಮರಳುತ್ತಿದ್ದರು. ಸೋತ ನಾಟಕವನ್ನು ಬಿಸಾಡುತ್ತಿರಲಿಲ್ಲ. ಹಾಡು ಬದಲಿಸಿ, ಹಾಸ್ಯದ ಭಾಗ ಸೇರಿಸಿ, ಮುಂದಿನ ಕ್ಯಾಂಪಿನಲ್ಲಿ ಮತ್ತೆ ಹಚ್ಚುತ್ತಿದ್ದರು. ಒಂದು ಪ್ರಯೋಗದ ಸೋಲು ಕಂಪನಿಯನ್ನು ಮುಳುಗಿಸದಂತೆ ಅಪಾಯವನ್ನು ಹರಡಿಡುವ ಈ ಪದ್ಧತಿ ಬ್ರಾಡ್‌ವೇಗೆ ಇಲ್ಲ. ಅಲ್ಲಿ ಒಂದು ರಂಗಮಂದಿರ, ಒಂದು ನಾಟಕ. ನಷ್ಟವಾದರೆ ಬಾಗಿಲು ಮುಚ್ಚುವುದೇ ದಾರಿ.

ಚೌಡಸಂದ್ರದ ಹೊನ್ನಪ್ಪ ಭಾಗವತರ್

ಜೀವನಕಥೆಯ ಸಂಗೀತ ನಾಟಕಕ್ಕೂ ಸಿನಿಮಾಕ್ಕೂ ಈ ಜಿಲ್ಲೆ ಕೊಟ್ಟ ದೊಡ್ಡ ಹೆಸರು ಹೊನ್ನಪ್ಪ ಭಾಗವತರ್ (1915–1992). ನೆಲಮಂಗಲ ತಾಲ್ಲೂಕಿನ ಚೌಡಸಂದ್ರ ಅವರ ಹುಟ್ಟೂರು. ಶಾಸ್ತ್ರೀಯ ಸಂಗೀತದ ಭದ್ರ ತಳಹದಿ, ಗುಬ್ಬಿ ಕಂಪನಿಯ ರಂಗಾನುಭವ, ತಮಿಳು ಚಿತ್ರರಂಗದಲ್ಲಿ ನಾಯಕನಟನ ಸ್ಥಾನ ಈ ಮೂರೂ ಅವರಲ್ಲಿ ಕೂಡಿಬಂದಿದ್ದವು. ಗುಬ್ಬಿ ವೀರಣ್ಣನವರ ಚಿತ್ರಗಳಾದ ‘ಸುಭದ್ರಾ’ (1941), ‘ಹೇಮರೆಡ್ಡಿ ಮಲ್ಲಮ್ಮ’ಗಳಲ್ಲಿ ಅವರು ನಟಿಸಿದರು. 1949ರಲ್ಲಿ ‘ಭಕ್ತ ಗೋರಾ ಕುಂಬಾರ’, 1959ರಲ್ಲಿ ‘ಜಗಜ್ಯೋತಿ ಬಸವೇಶ್ವರ’ ಬಂದವು. ಎರಡನೆಯದರಲ್ಲಿ ಬಸವಣ್ಣನ ಪಾತ್ರ ಅವರದು.

ಅವರು ತಾವೇ ಹಣ ಹೂಡಿ, ಸಂಗೀತ ಕೊಟ್ಟು, ನಾಯಕನಾಗಿ ನಟಿಸಿದ ‘ಮಹಾಕವಿ ಕಾಳಿದಾಸ’ (1955) ಈ ಲೇಖನದ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ನಿರ್ದೇಶನ ಕು.ರ. ಸೀತಾರಾಮಶಾಸ್ತ್ರಿಗಳದು. ಬಿ. ಸರೋಜಾದೇವಿಯವರನ್ನು ತೆರೆಗೆ ಪರಿಚಯಿಸಿದ ಚಿತ್ರ ಇದೇ. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂತು. ಇದೇ ಕಾಳಿದಾಸನ ಕಥೆ 28 ವರ್ಷಗಳ ಅನಂತರ ರಾಜ್‌ಕುಮಾರ್ ಅಭಿನಯದ ‘ಕವಿರತ್ನ ಕಾಳಿದಾಸ’ವಾಗಿ (1983) ಮತ್ತೆ ಬಂದು ಭಾರಿ ಯಶಸ್ಸು ಕಂಡಿತು. ರಾಜ್‌ಕುಮಾರ್ ಕೂಡ ಗುಬ್ಬಿ ಕಂಪನಿಯ ಅಂಗಳದಲ್ಲಿ ಬೆಳೆದು, ಅದೇ ಬಳಗದ ‘ಬೇಡರ ಕಣ್ಣಪ್ಪ’ (1954) ಎಂಬ ಭಕ್ತನ ಕಥೆಯ ಮೂಲಕ ನಾಯಕನಟರಾದವರು.

ಒಂದೇ ಜೀವನಕಥೆ ಎರಡು ತಲೆಮಾರುಗಳಿಗೆ ಹಿಡಿಸಿದ್ದಕ್ಕೆ ಕಾಳಿದಾಸನ ಚರಿತ್ರೆ ನಮಗೆ ಸಿಗದಿರುವುದೇ ದೊಡ್ಡ ಅನುಕೂಲವಾಯಿತು ಎಂದರೆ ತಪ್ಪಾಗದು. ಅವನ ಬಗ್ಗೆ ಇರುವುದು ದಂತಕಥೆ. ಕುರಿ ಕಾಯುವವನು, ಮೋಸದ ಮದುವೆ, ಕಾಳಿಯ ವರ, ಭೋಜರಾಜನ ಆಸ್ಥಾನ. ಕಥೆಗೆ ತಿರುವುಗಳು ತಾವಾಗಿಯೇ ಇವೆ, ಹಾಡಿಗೆ ಕಾರಣಗಳೂ ಇವೆ. ದಡ್ಡ ಕವಿಯಾಗುವ ಗಳಿಗೆಯಲ್ಲಿ ಮಾತು ಹಾಡಾಗಲೇಬೇಕು. ಜೀವನಕಥೆಯಲ್ಲಿ ಹಾಡು ಹುಟ್ಟುವುದಕ್ಕೆ ಇಂಥ ಅನಿವಾರ್ಯ ಸಂದರ್ಭ ಇದೆಯೇ ಎಂಬುದು ಮುನ್ನಂದಾಜಿನ ಮೊದಲ ಗುರುತು. ನಾಯಕ ಒಳ್ಳೆಯವನಾಗಿ ಹುಟ್ಟಿ, ಒಳ್ಳೆಯವನಾಗಿ ಬೆಳೆದು, ಒಳ್ಳೆಯವನಾಗಿಯೇ ಕಣ್ಣು ಮುಚ್ಚಿದರೆ ಹಾಡುಗಳು ಕಥೆಯ ಮೇಲೆ ತೊಡಿಸಿದ ಒಡವೆಗಳಾಗಿ ಉಳಿಯುತ್ತವೆ.

ಹಾಡು ಮೊದಲು ಬಂದಾಗ

ಶಿಶುನಾಳ ಶರೀಫರ (1819–1889) ತತ್ವಪದಗಳು ಉತ್ತರ ಕರ್ನಾಟಕದ ಭಜನೆಗಳಲ್ಲಿ ಮೊದಲಿಂದಲೂ ಇದ್ದವು. ಸಿ. ಅಶ್ವಥ್ ಅವನ್ನು ಹಾಡಿ, ಕ್ಯಾಸೆಟ್‌ಗಳ ಮೂಲಕ ಅವು ನಾಡಿನ ಮನೆಮನೆ ಸೇರಿದ ಮೇಲೆ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ (1990) ಚಿತ್ರ ಬಂತು. ರಾಷ್ಟ್ರೀಯ ಭಾವೈಕ್ಯಕ್ಕೆ ಕೊಡುವ ನರ್ಗಿಸ್ ದತ್ ಪ್ರಶಸ್ತಿ ಅದಕ್ಕೆ ಸಂದಿತು. ಚಿತ್ರಮಂದಿರಕ್ಕೆ ಬಂದವರಿಗೆ ಹಾಡು ಬಾಯಿಗೆ ಬರುತ್ತಿತ್ತು. ಅದರ ಹಿಂದಿನ ಬದುಕನ್ನು ತಿಳಿಯುವ ಕುತೂಹಲ ಉಳಿದಿತ್ತು.

ಅತ್ತ ಲಂಡನ್ನಿನಲ್ಲಿ ‘ಎವಿಟಾ’ ಇದೇ ದಾರಿ ಹಿಡಿದಿತ್ತು. ಅರ್ಜೆಂಟೀನಾದ ಎವಾ ಪೆರೋನ್ ಕಥೆಯ ಹಾಡುಗಳು 1976ರಲ್ಲಿ ಮೊದಲು ಧ್ವನಿಮುದ್ರಿಕೆಯಾಗಿ ಬಂದವು. ಅದರ ಮುಖ್ಯ ಹಾಡು 1977ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ರಂಗಕ್ಕೆ ಬಂದದ್ದು 1978ರಲ್ಲಿ, ಬ್ರಾಡ್‌ವೇಗೆ 1979ರಲ್ಲಿ. ಅಲ್ಲಿ 1,567 ಪ್ರದರ್ಶನಗಳಾದವು. ನಾಟಕ ಲಂಡನ್ನಿನ ರಂಗಕ್ಕೆ ಬರುವ ಹೊತ್ತಿಗೆ ಹಾಡು ಅಲ್ಲಿನ ಜನರಿಗೆ ಪರಿಚಿತವಾಗಿತ್ತು.

ಬೆಂಗಳೂರಿನ ಕಲಾಗಂಗೋತ್ರಿ ತಂಡ ಕವಿ ಕೆ.ಎಸ್. ನರಸಿಂಹಸ್ವಾಮಿಯವರ ಬದುಕು ಮತ್ತು ಹಾಡುಗಳನ್ನು ಹೆಣೆದು ‘ಮೈಸೂರು ಮಲ್ಲಿಗೆ’ ನಾಟಕವನ್ನು ಬಿ.ವಿ. ರಾಜಾರಾಂ ನಿರ್ದೇಶನದಲ್ಲಿ ಆಡಿದ್ದೂ ಇದೇ ಬಲದ ಮೇಲೆ. ಅದೇ ಹೆಸರಿನ ಕವಿತಾಸಂಕಲನ ಅಚ್ಚಾದದ್ದು 1942ರಲ್ಲಿ. ಅಲ್ಲಿಂದ ಭಾವಗೀತೆಯ ಗಾಯಕರು, ಆಕಾಶವಾಣಿ, ಮದುವೆ ಮನೆಗಳು ಆ ಹಾಡುಗಳನ್ನು ತಲೆಮಾರುಗಳ ಕಾಲ ಕಾಪಾಡಿಕೊಂಡು ಬಂದವು. ಹಾಡಿಲ್ಲದ ಜೀವನಕಥೆಗೆ ಈ ಬೆಂಬಲವಿಲ್ಲ. ಆಗ ಇಡೀ ಭಾರ ನಟನ ಮೇಲೆ ಬೀಳುತ್ತದೆ, ಸಿ.ಆರ್. ಸಿಂಹ ಒಬ್ಬರೇ ನಿಂತು ‘ಟಿಪಿಕಲ್ ಟಿ.ಪಿ. ಕೈಲಾಸಂ’ ಆಡಿ ಗೆದ್ದಂತೆ ಗೆಲ್ಲಬೇಕಾಗುತ್ತದೆ. ಅಂಥ ಗೆಲುವನ್ನು ಬೇರೊಂದು ತಂಡ ನಕಲು ಮಾಡುವುದು ಕಷ್ಟ.

ಬ್ರಾಡ್‌ವೇ ಲೆಕ್ಕಗಳು

ಬ್ರಾಡ್‌ವೇ ಸಂಗೀತ ನಾಟಕಗಳಲ್ಲಿ ಹಾಕಿದ ಹಣ ಮರಳಿ ಬರುವುದು ಐದರಲ್ಲಿ ಒಂದಕ್ಕೆ ಎಂಬುದು ಆ ವಲಯದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಅಂದಾಜು. ಅಮೆರಿಕ ಕಟ್ಟಿದ ನಾಯಕರಲ್ಲೊಬ್ಬನಾದ ಅಲೆಕ್ಸಾಂಡರ್ ಹ್ಯಾಮಿಲ್ಟನ್‌ನ ಕಥೆ ‘ಹ್ಯಾಮಿಲ್ಟನ್’ (2015) ರಂಗಕ್ಕೆ ಬರಲು ಸುಮಾರು 1.25 ಕೋಟಿ ಡಾಲರ್ ಬೇಕಾಯಿತು. ಇಷ್ಟು ಹಣ ತೊಡಗುವಲ್ಲಿ ಭವಿಷ್ಯ ಹೇಳುವವರಿಗೆ ಬೇಡಿಕೆ ಇರುವುದು ಸಹಜ. ಅಂಥ ಅಧ್ಯಯನಗಳಲ್ಲಿ ಎರಡು ಇಲ್ಲಿ ಗಮನಿಸತಕ್ಕವು.

ಜೆಫ್ರಿ ಸೈಮನಾಫ್ ಮತ್ತು ಲಾನ್ ಮಾ 2003ರಲ್ಲಿ ಪ್ರಕಟಿಸಿದ ಸಂಖ್ಯಾಶಾಸ್ತ್ರೀಯ ಅಧ್ಯಯನ ನಾಟಕಗಳ ಓಟದ ಅವಧಿಯನ್ನು ಪರಿಶೀಲಿಸಿತು. ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿಗಳಲ್ಲಿ ಪ್ರಮುಖವಾದದ್ದನ್ನು ಗೆದ್ದ ನಾಟಕದ ಆಯಸ್ಸು ಹೆಚ್ಚುತ್ತದೆ. ನಾಮನಿರ್ದೇಶನಗೊಂಡು ಸೋತ ನಾಟಕ ಅನಂತರ ಬೇಗ ಮುಚ್ಚುವ ಸಾಧ್ಯತೆ ಹೆಚ್ಚು ಎಂದು ಅವರು ಕಂಡರು. ಮುನ್ನಂದಾಜಿನ ದೃಷ್ಟಿಯಿಂದ ಇದರ ಉಪಯೋಗ ಸೀಮಿತ. ಪ್ರಶಸ್ತಿ ಬರುವುದು ಹಣ ಖರ್ಚಾದ ಮೇಲೆ.

ಬ್ರಿಯಾನ್ ಉಜ್ಜಿ ಮತ್ತು ಜ್ಯಾರೆಟ್ ಸ್ಪೈರೊ 2005ರಲ್ಲಿ ಪ್ರಕಟಿಸಿದ ಅಧ್ಯಯನ ಹೆಚ್ಚು ಆಳವಾದದ್ದು. 1945ರಿಂದ 1989ರವರೆಗಿನ ಬ್ರಾಡ್‌ವೇ ಸಂಗೀತ ನಾಟಕಗಳ ಹಿಂದೆ ಕೆಲಸ ಮಾಡಿದ ಸಂಯೋಜಕರು, ಗೀತರಚನಕಾರರು, ನಿರ್ದೇಶಕರು, ನಿರ್ಮಾಪಕರ ನಂಟಿನ ಜಾಲವನ್ನು ಅವರು ಬಿಡಿಸಿ ನೋಡಿದರು. ಒಬ್ಬರಿಗೊಬ್ಬರು ತೀರ ಅಪರಿಚಿತರಾದ ಕಾಲದಲ್ಲೂ, ಎಲ್ಲರೂ ಎಲ್ಲರಿಗೂ ತೀರ ಹತ್ತಿರವಾದ ಕಾಲದಲ್ಲೂ ಯಶಸ್ಸು ಇಳಿಯುತ್ತದೆ. ನಡುವಣ ಸ್ಥಿತಿಯಲ್ಲಿ ಏರುತ್ತದೆ ಎಂಬುದು ಅವರ ಕಾಣ್ಕೆ. ಕನ್ನಡ ಕಂಪನಿಗಳ ಏಳುಬೀಳಿಗೆ ಇದನ್ನು ಹೊಂದಿಸಿ ನೋಡಬಹುದು. ಗುಬ್ಬಿ ಕಂಪನಿ ಉಚ್ಛ್ರಾಯದಲ್ಲಿದ್ದಾಗ ಹೊರಗಿನ ಕವಿಗಳು, ಬೇರೆ ಕಂಪನಿಯ ನಟರು, ಸಂಗೀತ ಬಲ್ಲವರು ಒಳಗೆ ಬಂದು ಹೋಗುತ್ತಿದ್ದರು. ಬೆಳ್ಳಾವೆ ನರಹರಿಶಾಸ್ತ್ರಿಗಳಂಥವರು ನಾಟಕವನ್ನೂ ಬರೆದು, 1934ರ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೂ ಮಾತು, ಹಾಡು ಬರೆದರು. ಹೊಸಬರು ಬರುವುದು ನಿಂತು, ಅದೇ ಮಟ್ಟು ಅದೇ ಪರದೆ ಉಳಿದಾಗ ಕಂಪನಿಗಳು ಸೊರಗಿದವು. ಹಳ್ಳಿಯ ಪೌರಾಣಿಕ ನಾಟಕಕ್ಕೂ ಈ ಅಪಾಯ ಇದ್ದೇ ಇದೆ. ಮೇಷ್ಟ್ರುಗಳು ಒಂದೇ ಬಗೆಯ ಮಟ್ಟುಗಳನ್ನು ಊರಿಂದೂರಿಗೆ ಹೊತ್ತೊಯ್ಯುತ್ತಾರೆ, ಹೊಸ ನಾಟಕ ಬರೆದು ಕೊಡುವ ಕವಿಗೂ ಅವರಿಗೂ ಭೇಟಿಯೇ ಆಗುವುದಿಲ್ಲ.

ಕಿವಿಯಲ್ಲಿ ಉಳಿದ ದನಿ

2005ರಲ್ಲಿ ಬ್ರಾಡ್‌ವೇಯಲ್ಲಿ ಸಂಗೀತಗಾರರ ಬದುಕನ್ನು ಕುರಿತ ಎರಡು ನಾಟಕಗಳು ಕೆಲವೇ ತಿಂಗಳ ಅಂತರದಲ್ಲಿ ಬಂದವು. ಆಗಸ್ಟ್‌ನಲ್ಲಿ ಆರಂಭವಾದ ‘ಲೆನನ್’ 49 ಪ್ರದರ್ಶನಗಳಿಗೆ ಮುಗಿಯಿತು. ನವೆಂಬರ್‌ನಲ್ಲಿ ಆರಂಭವಾದ ‘ಜರ್ಸಿ ಬಾಯ್ಸ್’ 2017ರವರೆಗೆ ನಡೆದು 4,642 ಪ್ರದರ್ಶನ ಕಂಡಿತು. ಹೆಸರಿನ ತೂಕದಿಂದಲೇ ಅಳೆದಿದ್ದರೆ ಜಗತ್ತೆಲ್ಲ ಬಲ್ಲ ಜಾನ್ ಲೆನನ್ ಮುಂದೆ ‘ಜರ್ಸಿ ಬಾಯ್ಸ್’ನ ನಾಯಕರಾದ ನ್ಯೂಜೆರ್ಸಿಯ ‘ಫೋರ್ ಸೀಸನ್ಸ್’ ತಂಡ ಗೆಲ್ಲುತ್ತದೆ ಎಂದು ಯಾರು ಹೇಳಬಹುದಿತ್ತು?

ಕಾರಣಗಳು ನಾಟಕದ ರಚನೆಯಲ್ಲೇ ಇದ್ದವು. ‘ಜರ್ಸಿ ಬಾಯ್ಸ್’ನಲ್ಲಿ ನಾಲ್ವರು ಗೆಳೆಯರು ಸರದಿಯಲ್ಲಿ ತಮ್ಮ ತಮ್ಮ ಕಥೆ ಹೇಳುತ್ತಾರೆ. ಸಾಲ, ಜೈಲು, ಜಗಳ, ಅಗಲಿಕೆ. ಒಬ್ಬನ ಮಾತನ್ನು ಇನ್ನೊಬ್ಬ ಅಲ್ಲಗಳೆಯುತ್ತಾನೆ. ಜನ ಕೇಳಬಯಸಿದ ಹಾಡುಗಳೆಲ್ಲ ಅದರಲ್ಲಿದ್ದವು. ‘ಲೆನನ್’ನಲ್ಲಿ ಒಂಬತ್ತು ನಟ ನಟಿಯರು ಸೇರಿ ಒಬ್ಬ ಲೆನನ್ನನನ್ನು ಕಾಣಿಸಿದರು, ಹಾಡುಗಳಲ್ಲಿ ಬೀಟಲ್ಸ್ ಕಾಲದ ಜನಪ್ರಿಯ ಗೀತೆಗಳಿಗಿಂತ ಅವನು ಒಬ್ಬನೇ ಆದ ಮೇಲಿನವೇ ಹೆಚ್ಚು.

ಹಳ್ಳಿಯ ನಾಟಕದಲ್ಲಿ ಇಬ್ಬರು ಕೃಷ್ಣರು ಬಂದರೆ ಯಾರಿಗೂ ಗೊಂದಲವಾಗದು. ಮೊದಲ ಕೃಷ್ಣ ಎತ್ತರ, ಎರಡನೆಯವನು ಗಿಡ್ಡ, ಒಬ್ಬನ ಕಂಠ ಕಂಚು, ಇನ್ನೊಬ್ಬನದು ಮೆಲು. ಆದರೂ ನಾಟಕ ನಡೆಯುತ್ತದೆ, ಏಕೆಂದರೆ ಕೃಷ್ಣನ ದನಿಯನ್ನು ಯಾರೂ ಕೇಳಿಲ್ಲ. ಲೆನನ್ನನ ದನಿ ಕೋಟ್ಯಂತರ ಕಿವಿಗಳಲ್ಲಿ ಅಚ್ಚಾಗಿದೆ. ಮುನ್ನಂದಾಜು ಮಾಡುವವರು ಜೀವನಕಥೆಯ ನಾಯಕರನ್ನು ಮೊದಲು ಈ ಗೆರೆಯ ಮೇಲೆ ವಿಂಗಡಿಸಬೇಕು: ಧ್ವನಿಮುದ್ರಣ ಬರುವ ಮುಂಚಿನವರು, ಆಮೇಲಿನವರು. ಕನಕ, ಕಾಳಿದಾಸ, ಬಸವಣ್ಣ ನಟನ ದನಿಯಲ್ಲಿ ಹುಟ್ಟುತ್ತಾರೆ; ಅಲ್ಲಿ ನಟನಿಗೆ ಸ್ವಾತಂತ್ರ್ಯ ಹೆಚ್ಚು. ರಾಜ್‌ಕುಮಾರ್ ಅಥವಾ ಪಿ.ಬಿ. ಶ್ರೀನಿವಾಸ್ ಬದುಕನ್ನು ನಾಳೆ ಯಾರಾದರೂ ರಂಗಕ್ಕೆ ತಂದರೆ ನಟ ಬಾಯಿ ತೆರೆದ ಕ್ಷಣದಿಂದ ಹೋಲಿಕೆ ಶುರುವಾಗುತ್ತದೆ. ‘ಡಯಾನಾ’ (2021) ಬ್ರಾಡ್‌ವೇಯಲ್ಲಿ 33 ಪ್ರದರ್ಶನಗಳಿಗೆ ನಿಂತಿತು. ರಾಜಕುಮಾರಿ ಡಯಾನಾಳ ಮುಖ, ನಡೆ, ಸಂದರ್ಶನ ಎಲ್ಲವೂ ಟಿವಿಯಲ್ಲಿ ಮನೆಮನೆಗೆ ಬಂದಿದ್ದವು. ನಾಟಕದ ಚಿತ್ರೀಕೃತ ರೂಪವೂ ಆರಂಭಕ್ಕೆ ಮುಂಚೆಯೇ ನೆಟ್‌ಫ್ಲಿಕ್ಸ್‌ನಲ್ಲಿ ಬಂದುಬಿಟ್ಟಿತ್ತು. ನಾಯಕಿ ಎಷ್ಟು ಪ್ರಸಿದ್ಧಳಾದರೂ ಹೊಸದಾಗಿ ತಿಳಿಯುವುದು ಏನೂ ಇಲ್ಲವೆಂದು ಜನಕ್ಕೆ ಅನ್ನಿಸಿದರೆ ಆ ಪ್ರಸಿದ್ಧಿ ನಾಟಕಕ್ಕೆ ನೆರವಾಗದು.

‘ಹ್ಯಾಮಿಲ್ಟನ್’ 11 ಟೋನಿ ಗೆದ್ದದ್ದಕ್ಕೆ ಹೊಸ ಬಗೆಯ ಸಂಗೀತವನ್ನು ಮುಖ್ಯ ಕಾರಣವೆಂದು ಹೇಳುವುದು ವಾಡಿಕೆ. ಹಳ್ಳಿ ನಾಟಕ ಬಲ್ಲವರು ಇನ್ನೊಂದನ್ನು ಗುರುತಿಸುತ್ತಾರೆ. ಅದರಲ್ಲಿ ಹ್ಯಾಮಿಲ್ಟನ್‌ನನ್ನು ಕೊಲ್ಲುವ ಆರನ್ ಬರ್‌ಗೆ, ಜೆಫರ್ಸನ್‌ಗೆ, ವಾಷಿಂಗ್ಟನ್‌ಗೆ, ದೊರೆ ಮೂರನೆಯ ಜಾರ್ಜ್‌ಗೆ, ಸ್ಕೈಲರ್ ಸೋದರಿಯರಿಗೆ ಒಬ್ಬೊಬ್ಬರಿಗೂ ಮೆರೆಯುವ ಹಾಡಿದೆ. ಕರ್ಣನ ಪಾತ್ರಕ್ಕೆ ದುಡ್ಡು ಕೊಡಲು ಜನ ಮುಂದಾಗುವಂತೆ ಬರ್‌ನ ಪಾತ್ರಕ್ಕೂ ಮುಂದಾಗುವವರು ಇರುತ್ತಾರೆ.

ದೇವನಹಳ್ಳಿಯ ಇಬ್ಬರು ನಾಯಕರು

ಈ ಜಿಲ್ಲೆಯ ಮಣ್ಣಿನಲ್ಲೇ ಎರಡು ದೊಡ್ಡ ಜೀವನಕಥೆಗಳ ಬೇರು ಇದೆ. ಟಿಪ್ಪು ಸುಲ್ತಾನ್ ಹುಟ್ಟಿದ ಸ್ಥಳವೆಂದು ದೇವನಹಳ್ಳಿ ಕೋಟೆಯ ಬಳಿ ಸ್ಮಾರಕವಿದೆ. ಅಲ್ಲಿಂದ ಸ್ವಲ್ಪ ದೂರದ ಆವತಿ, ಬೆಂಗಳೂರು ಕಟ್ಟಿದ ಕೆಂಪೇಗೌಡರ ಪೂರ್ವಿಕರು ಬಂದು ನೆಲೆಸಿದ ಊರು.

ಟಿಪ್ಪುವಿನ ಕಥೆಗೆ ಸಂಗೀತ ನಾಟಕಕ್ಕೆ ಬೇಕಾದದ್ದೆಲ್ಲ ಇದೆ: ತಂದೆ ಹೈದರ್, ಒತ್ತೆಯಾಗಿ ಹೋದ ಮಕ್ಕಳು, ದ್ರೋಹಿಯೆನಿಸಿದ ಮೀರ್ ಸಾದಿಕ್, ಟಿಪ್ಪು ಮಡಿದ 1799ರ ಮೇ 4ರ ಶ್ರೀರಂಗಪಟ್ಟಣ. ಹಾಡೂ ಮೊದಲೇ ಇತ್ತು. ಟಿಪ್ಪುವಿನ ಲಾವಣಿಗಳನ್ನು ಜನ ಹಾಡುತ್ತಿದ್ದರು, ಲಿಂಗದೇವರು ಹಳೆಮನೆಯವರು ಅವನ್ನು ಸಂಗ್ರಹಿಸಿದ್ದಾರೆ. ಗಿರೀಶ ಕಾರ್ನಾಡರು ಬಿಬಿಸಿ ರೇಡಿಯೊಗಾಗಿ 1997ರಲ್ಲಿ ಬರೆದ ಟಿಪ್ಪುವಿನ ಕನಸುಗಳ ನಾಟಕ ಕನ್ನಡದಲ್ಲೂ ಬಂತು. ಆದರೆ ಇವತ್ತು ಈ ನಾಯಕನ ನಾಟಕದ ಭವಿಷ್ಯ ನಾಟಕದ ಗುಣದಿಂದ ತೀರ್ಮಾನವಾಗುವುದಿಲ್ಲ. ಸರ್ಕಾರ 2015ರಲ್ಲಿ ಆರಂಭಿಸಿದ ಟಿಪ್ಪು ಜಯಂತಿ 2019ರಲ್ಲಿ ನಿಂತಿತು. 2022ರ ನವೆಂಬರ್‌ನಲ್ಲಿ ಮೈಸೂರು ರಂಗಾಯಣದಲ್ಲಿ ಅಡ್ಡಂಡ ಕಾರ್ಯಪ್ಪನವರ ‘ಟಿಪ್ಪು ನಿಜಕನಸುಗಳು’ ಬಂದಾಗ ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಪರವಾಗಿ ಬರೆದರೂ ವಿರುದ್ಧವಾಗಿ ಬರೆದರೂ ನಾಟಕಕ್ಕೆ ಮೊದಲ ದಿನವೇ ಅರ್ಧ ಊರು ಬೆನ್ನು ತಿರುಗಿಸುತ್ತದೆ. ಬಸವಣ್ಣನ ಕಾಲದ ಕಥೆಯಾದ ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’ (1986) ರಂಗದಲ್ಲಿ ಮೆಚ್ಚುಗೆ ಪಡೆದು, ಪಠ್ಯವಾದಾಗ ವಿರೋಧಕ್ಕೆ ಸಿಕ್ಕಿತು. ನಾಯಕನ ನೆನಪಿಗೆ ವಾರಸುದಾರರು ಯಾರು, ಅವರೊಳಗೆ ಒಮ್ಮತವಿದೆಯೇ ಎಂಬುದನ್ನು ಬ್ರಾಡ್‌ವೇಯ ಯಾವ ಸೂತ್ರವೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಕರ್ನಾಟಕದಲ್ಲಿ ಅದನ್ನು ಬಿಟ್ಟು ಲೆಕ್ಕ ಹಾಕಲಾಗದು.

ಒಮ್ಮತವಿರುವ ನಾಯಕರಿಗೆ ಸರ್ಕಾರವೇ ಪ್ರೇಕ್ಷಕರನ್ನು ಒದಗಿಸುವುದುಂಟು. ಗಾಂಧೀಜಿಯವರ 150ನೆಯ ಜನ್ಮವರ್ಷದಲ್ಲಿ, ಬೊಳುವಾರು ಮಹಮದ್ ಕುಂಞಿ ಅವರ ಮಕ್ಕಳ ಪುಸ್ತಕವನ್ನು ಆಧರಿಸಿ ಶ್ರೀಪಾದ ಭಟ್ ನಿರ್ದೇಶಿಸಿದ ನಾಟಕ ‘ಗಾಂಧಿ 150: ಒಂದು ರಂಗಪಯಣ’ ಎಂಬ ಹೆಸರಿನಲ್ಲಿ ಶಾಲೆ, ಕಾಲೇಜು, ತಾಲ್ಲೂಕು ಕೇಂದ್ರಗಳಲ್ಲಿ ನೂರಾರು ಪ್ರದರ್ಶನ ಕಂಡಿತು. ಹಾಡು, ಕುಣಿತ, ಲವಲವಿಕೆ ತುಂಬಿದ ಈ ಪ್ರಯೋಗ ಸರ್ಕಾರದ ಆಶ್ರಯವಿಲ್ಲದೆಯೂ ಮಕ್ಕಳನ್ನು ಹಿಡಿದಿಡುವಂಥದು. ಆದರೆ ಅಷ್ಟು ಊರು ತಲುಪುತ್ತಿರಲಿಲ್ಲ. ಸರ್ಕಾರ ಬಸ್ಸು ಕೊಟ್ಟು ಕಳಿಸಿದ ನಾಟಕದ ಪ್ರದರ್ಶನ ಸಂಖ್ಯೆಯನ್ನು ಟಿಕೆಟ್ ಮಾರಿದ ನಾಟಕದ ಸಂಖ್ಯೆಯೊಡನೆ ಹೋಲಿಸಬಾರದು.

ಕೆಂಪೇಗೌಡರ (1510–1569) ವಿಷಯದಲ್ಲಿ ಆಶ್ರಯವೂ ಇದೆ, ಒಮ್ಮತವೂ ಇದೆ. ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ 2013ರಲ್ಲಿ ಅವರ ಹೆಸರಿಟ್ಟರು. 2022ರ ನವೆಂಬರ್ 11ರಂದು ಅಲ್ಲಿ 108 ಅಡಿ ಎತ್ತರದ ಪ್ರತಿಮೆ ಅನಾವರಣವಾಯಿತು. ಜೂನ್ 27ರಂದು ಜಯಂತಿ ನಡೆಯುತ್ತದೆ. ಕಥೆಯ ಸಾಮಗ್ರಿಗೂ ಕೊರತೆಯಿಲ್ಲ. ತನ್ನ ಮಗಳು ದೊಡ್ಡಮ್ಮನನ್ನು ಬಲವಂತದ ಮದುವೆಯಿಂದ ಕಾಪಾಡಲು ಕೆಂಪೇಗೌಡರ ಪೂರ್ವಿಕ ರಣಭೈರೇಗೌಡ ಕುಟುಂಬದೊಂದಿಗೆ ರಾತ್ರೋರಾತ್ರಿ ಹೊರಟದ್ದು, ಪಾಲಾರ್ ಹೊಳೆ ಇಬ್ಭಾಗವಾಗಿ ದಾರಿ ಬಿಟ್ಟದ್ದು, ಬಂಡಿಗಳು ಆವತಿಗೆ ಬಂದು ನಿಂತದ್ದು ಎಲ್ಲ ಐತಿಹ್ಯದಲ್ಲಿದೆ. 1537ರಲ್ಲಿ ನಾಲ್ಕು ದಿಕ್ಕಿಗೆ ನೇಗಿಲು ಹೂಡಿ ಪೇಟೆಯ ಬೀದಿ ಗುರುತಿಸಿದ್ದು, ಸ್ವಂತ ನಾಣ್ಯ ಟಂಕಿಸಿದನೆಂಬ ದೂರಿನ ಮೇಲೆ ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿದ್ದದ್ದು, ಕೋಟೆಯ ಬಾಗಿಲು ನಿಲ್ಲಲು ಸೊಸೆ ಲಕ್ಷ್ಮೀದೇವಿ ತನ್ನನ್ನೇ ಬಲಿಕೊಟ್ಟದ್ದು ಕೂಡ ಜನ ನಂಬಿದ ಕಥೆಗಳು. ನೆಲಮಂಗಲದ ಶಿವಗಂಗೆ ಬೆಟ್ಟದಲ್ಲಿ ಕೆಂಪೇಗೌಡರ ಹಜಾರವೇ ಇದೆ.

ಆದರೂ ‘ಕುರುಕ್ಷೇತ್ರ’ದ ಹಾಗೆ ಹಳ್ಳಿಗಳು ತಾವಾಗಿ ಎತ್ತಿಕೊಂಡ ಕೆಂಪೇಗೌಡರ ಸಂಗೀತ ನಾಟಕ ರೂಢಿಯಾಗಿಲ್ಲ. ಜಯಂತಿಗಾಗಿ ಬರೆದ ರೂಪಕಗಳಲ್ಲಿ ನಾಯಕ ಮೊದಲಿನಿಂದ ಕೊನೆಯವರೆಗೆ ಪ್ರತಿಮೆಯಾಗಿಯೇ ನಿಲ್ಲುತ್ತಾನೆ. ಕೆರೆ ಕಟ್ಟಿದ, ಗುಡಿ ಕಟ್ಟಿದ, ಪೇಟೆ ಕಟ್ಟಿದ ಎಂಬ ಪಟ್ಟಿಗೆ ಹಾಡು ಹತ್ತುವುದಿಲ್ಲ. ನಾಟಕವಿರುವುದು ಸೆರೆಮನೆಯ ಐದು ವರ್ಷಗಳಲ್ಲಿ ಮತ್ತು ಸೊಸೆಯ ಬಲಿಯಲ್ಲಿ. ಊರು ಕಟ್ಟುವ ಹಟಕ್ಕೆ ಮನೆಯ ಹೆಣ್ಣುಮಗಳು ತೆತ್ತ ಬೆಲೆಯನ್ನು ಎದುರಿಸಿ ನೋಡುವ ಧೈರ್ಯ ಕವಿಗೆ ಬೇಕು. ಆ ಧೈರ್ಯ ಮಾಡಿದರೆ ಜಯಂತಿ ಸಮಿತಿಗಳು ಹಿಂಜರಿಯಬಹುದು, ಮಾಡದಿದ್ದರೆ ಪ್ರೇಕ್ಷಕರು ಆಕಳಿಸುತ್ತಾರೆ.

ಇದರೊಂದಿಗೆ ಪಾತ್ರಗಳ ಹಂಚಿಕೆ. ವಿಜಯನಗರದ ಅಳಿಯ ರಾಮರಾಯ, ದೂರು ಹೇಳಿದ ಚನ್ನಪಟ್ಟಣದ ಜಗದೇವರಾಯ, ಪೂರ್ವಕಥೆಯ ರಣಭೈರೇಗೌಡ, ದೊಡ್ಡಮ್ಮ, ಲಕ್ಷ್ಮೀದೇವಿ ಈ ಐವರಿಗೂ ಕೆಂಪೇಗೌಡರ ಸಮಕ್ಕೆ ನಿಲ್ಲುವ ಪದ್ಯಗಳು ಸಿಗಬೇಕು. ಜಗದೇವರಾಯನಿಗೆ ದುರ್ಯೋಧನನಷ್ಟು ಠೀವಿ ಬೇಕು. ಅವನ ಅಸೂಯೆಗೂ ಒಂದು ನ್ಯಾಯ ಇರಬೇಕು. ಮಟ್ಟುಗಳು ಹಾರ್ಮೋನಿಯಂ ಮೇಷ್ಟ್ರು ಮೂರು ತಿಂಗಳಲ್ಲಿ ರೈತನಿಗೆ, ಮಗ್ಗದ ಕಾರ್ಮಿಕನಿಗೆ, ಕಾರ್ಖಾನೆಯ ನೌಕರನಿಗೆ ಕಲಿಸಬಲ್ಲಂಥವಾಗಿರಬೇಕು. ಇಷ್ಟಾದರೆ ದೊಡ್ಡಬಳ್ಳಾಪುರ ಸೀಮೆಯ ಯಾವುದಾದರೂ ಊರಿನಲ್ಲಿ ಎರಡನೆಯ ವರ್ಷವೂ ಪಾತ್ರಕ್ಕೆ ಹಣ ಕಟ್ಟುವವರು ಸಿಗುತ್ತಾರೆ. ಜಗದೇವರಾಯನ ಪಾತ್ರಕ್ಕೆ ಇಬ್ಬರು ಹಟ ಹಿಡಿದು ಮೇಷ್ಟ್ರು ಅದನ್ನು ಒಂದನೇ ಜಗದೇವರಾಯ, ಎರಡನೇ ಜಗದೇವರಾಯ ಎಂದು ಒಡೆಯಬೇಕಾಗಿ ಬಂದರೆ ನಾಟಕ ಗೆದ್ದಿತೆಂದು ಆ ವರ್ಷವೇ ಬರೆದಿಡಬಹುದು.